ಒಂದೇ ಕರಾರು, ಎರಡು ಫಲ: ಕೆನ್ಯಾದ ಗುತ್ತಿಗೆ ಶಿಕ್ಷಕರ ಕುರಿತು ಒಂದು ಟಿಪ್ಪಣಿ

ಕಡಿಮೆ ಸಂಬಳದ ಗುತ್ತಿಗೆ ಶಿಕ್ಷಕರು ಕಾಯಂ ಶಿಕ್ಷಕರಷ್ಟೇ, ಕೆಲವೊಮ್ಮೆ ಅವರಿಗಿಂತ ಚೆನ್ನಾಗಿ ಕಲಿಸುತ್ತಾರೆ ಎಂಬ ಮಾತು ಶಿಕ್ಷಣ ನೀತಿಯ ಚರ್ಚೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಅದಕ್ಕೆ ಆಧಾರವಾಗಿ ತೋರಿಸುವ ಅಧ್ಯಯನಗಳಲ್ಲಿ ಮುಖ್ಯವಾದದ್ದು ಪಶ್ಚಿಮ ಕೆನ್ಯಾದ್ದು. ಅದೇ ದೇಶದಲ್ಲಿ ಮುಂದೆ ನಡೆದ ಮತ್ತೊಂದು ಅಧ್ಯಯನವನ್ನು ಪಕ್ಕದಲ್ಲಿಟ್ಟು ಓದಿದರೆ ಆ ಮಾತು ನಿಲ್ಲುವುದಿಲ್ಲ.

2003ರಲ್ಲಿ ಕೆನ್ಯಾ ಪ್ರಾಥಮಿಕ ಶಾಲೆಗಳ ಶುಲ್ಕ ರದ್ದು ಮಾಡಿತು. ಮಕ್ಕಳು ಲಕ್ಷಗಟ್ಟಲೆ ಬಂದರು, ಶಿಕ್ಷಕರ ಹುದ್ದೆಗಳು ಮಾತ್ರ ಹಾಗೆ ಹೆಚ್ಚಲಿಲ್ಲ. 2005ರಲ್ಲಿ ಎಸ್ತರ್ ಡುಫ್ಲೊ, ಪ್ಯಾಸ್ಕಲೀನ್ ದ್ಯುಪಾ ಮತ್ತು ಮೈಕೆಲ್ ಕ್ರೆಮರ್ ಆರಂಭಿಸಿದ ಪ್ರಯೋಗದಲ್ಲಿ ಶಾಲಾ ಸಮಿತಿಗಳ ಕೈಗೇ ಹಣ ಕೊಟ್ಟು, ಒಂದು ವರ್ಷದ ಕರಾರಿನ ಮೇಲೆ ಒಬ್ಬ ಹೆಚ್ಚುವರಿ ಶಿಕ್ಷಕರನ್ನು ನೇಮಿಸಿಕೊಳ್ಳಲು ಹೇಳಲಾಯಿತು. ಸಂಬಳ ಸರ್ಕಾರಿ ಶಿಕ್ಷಕರದ್ದರ ಕಾಲು ಭಾಗ. ಕೆಲಸ ತೃಪ್ತಿಕರವಾಗಿದ್ದರೆ ಮಾತ್ರ ನವೀಕರಣ. ಸರಾಸರಿ 82 ಮಕ್ಕಳಿದ್ದ ತರಗತಿ 44ಕ್ಕೆ ಇಳಿಯಿತು. ಯಾವ ಮಗು ಯಾರ ಬಳಿ ಕಲಿಯಬೇಕೆಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. ಗುತ್ತಿಗೆ ಶಿಕ್ಷಕರ ಬಳಿ ಹೋದ ಮಕ್ಕಳ ಅಂಕ ಏರಿತು. ಕಾಯಂ ಶಿಕ್ಷಕರ ಬಳಿ ಉಳಿದ ಮಕ್ಕಳಿಗೆ, ತರಗತಿ ಅರ್ಧದಷ್ಟಾದರೂ, ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ.

ಈ ಫಲಿತಾಂಶದ ಇನ್ನರ್ಧವನ್ನು ಉಲ್ಲೇಖಿಸುವವರು ಕಡಿಮೆ. ಹೊಸಬರು ಬಂದ ಶಾಲೆಗಳಲ್ಲಿ ಕಾಯಂ ಶಿಕ್ಷಕರು ತಮ್ಮ ದುಡಿಮೆ ತಗ್ಗಿಸಿದರು. ಗುತ್ತಿಗೆ ಹುದ್ದೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅಲ್ಲಿನ ಶಿಕ್ಷಕರ ನೆಂಟರಿಷ್ಟರ ಪಾಲಾಯಿತು. ಸಮಿತಿಯ ಪಾಲಕರಿಗೆ ತರಬೇತಿ ಕೊಟ್ಟು ಅಧಿಕಾರ ಕೊಟ್ಟಲ್ಲಿ ಈ ಎರಡೂ ಹತೋಟಿಗೆ ಬಂದವು. ಫಲ ಕೊಟ್ಟದ್ದರಲ್ಲಿ ಅಗ್ಗದ ಸಂಬಳಕ್ಕಿಂತ ಸ್ಥಳೀಯ ಉಸ್ತುವಾರಿಯ ಪಾಲು ದೊಡ್ಡದೆಂದು ನನಗೆ ಅನ್ನಿಸುವುದು ಇದರಿಂದಲೇ.

ಎರಡನೆಯ ಅಧ್ಯಯನ ಟೆಸ್ಸಾ ಬೋಲ್ಡ್ ಮತ್ತು ಸಂಗಡಿಗರದ್ದು. ಕೆನ್ಯಾ ಸರ್ಕಾರ 18,000 ಗುತ್ತಿಗೆ ಶಿಕ್ಷಕರನ್ನು ತೆಗೆದುಕೊಳ್ಳಲು ಹೊರಟ ಹೊತ್ತಿಗೆ, 2010ರಲ್ಲಿ, ಅವರು 192 ಶಾಲೆಗಳನ್ನು ಆರಿಸಿದರು. ಮೂರನೇ ಒಂದು ಭಾಗದಲ್ಲಿ ಶಿಕ್ಷಕರನ್ನು ವರ್ಲ್ಡ್ ವಿಷನ್ ಎಂಬ ಸ್ವಯಂಸೇವಾ ಸಂಸ್ಥೆಯ ಮೂಲಕ, ಇನ್ನೊಂದು ಭಾಗದಲ್ಲಿ ಸರ್ಕಾರದ ಮೂಲಕ ನೇಮಿಸಲಾಯಿತು, ಉಳಿದವು ಹೋಲಿಕೆಗೆ. ಕರಾರಿನ ಷರತ್ತುಗಳು ಎರಡೂ ಕಡೆ ಒಂದೇ. ಸಂಸ್ಥೆ ನೇಮಿಸಿದಲ್ಲಿ ಮಕ್ಕಳ ಅಂಕ ಏರಿತು, ಸರ್ಕಾರ ನೇಮಿಸಿದಲ್ಲಿ ಏನೂ ಆಗಲಿಲ್ಲ. ಶಿಕ್ಷಕರ ಅರ್ಹತೆ, ಅನುಭವಗಳು ಈ ಅಂತರವನ್ನು ಹೆಚ್ಚೇನೂ ವಿವರಿಸಲಿಲ್ಲ. ಆಡಳಿತದ ವಿಳಂಬ ಒಂದು ಕಾರಣವಾದರೆ, ಅದೇ ಕರಾರಿಗೆ ಎರಡು ಕಡೆಯ ಶಿಕ್ಷಕರು ಬೇರೆ ಬೇರೆ ಅರ್ಥ ಹಚ್ಚಿದ್ದು ಮತ್ತೊಂದು.

ನನ್ನ ಗಮನ ಈ ಎರಡನೆಯ ಕಾರಣದ ಮೇಲೆ. ಸ್ವಯಂಸೇವಾ ಸಂಸ್ಥೆ ಯಾರನ್ನೂ ಕಾಯಂ ಮಾಡಲಾರದು, ಸರ್ಕಾರ ಮಾಡಬಲ್ಲದು. ಸರ್ಕಾರದ ಹೆಸರಿನಲ್ಲಿ ಕರಾರು ಬಂದ ಕೂಡಲೇ ಅದು ಕಾಯಂ ನೌಕರಿಯ ಮೊದಲ ಮೆಟ್ಟಿಲಾಗಿ ಕಾಣುವುದು ಸಹಜ, ಅದರಲ್ಲಿ ತಪ್ಪೂ ಇಲ್ಲ. ಶಿಕ್ಷಕರ ಸಂಘ ಯೋಜನೆಯನ್ನು ವಿರೋಧಿಸಿತು. 2011ರ ಮುಷ್ಕರದ ಬಳಿಕ ಗುತ್ತಿಗೆಯವರನ್ನು ಕಾಯಂ ಮಾಡಲು ಸರ್ಕಾರ ಒಪ್ಪಿತು. ಕಾಲು ಸಂಬಳಕ್ಕೆ ದುಡಿಯುವವರ ಉಳಿದ ಮುಕ್ಕಾಲು ಭಾಗ ಇಂಥ ನಿರೀಕ್ಷೆಯಲ್ಲಿರುತ್ತದೆ. ವೆಚ್ಚದ ಲೆಕ್ಕದಲ್ಲಿ ಅದು ಕಾಣುವುದಿಲ್ಲ.

ನಮ್ಮ ದೇಶದಲ್ಲಿಯೂ ಈ ಲೆಕ್ಕ ತಪ್ಪಿದೆ. ಆಂಧ್ರಪ್ರದೇಶದ ಗ್ರಾಮೀಣ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಅಧ್ಯಯನದಲ್ಲಿ ಗೈರುಹಾಜರಿ ಗುತ್ತಿಗೆ ಶಿಕ್ಷಕರಲ್ಲಿ ಶೇ. 18, ಕಾಯಂ ಶಿಕ್ಷಕರಲ್ಲಿ ಶೇ. 27 ಇತ್ತು. ಅಗ್ಗದ ನೇಮಕಾತಿಯ ಪರ ಇದನ್ನು ಮುಂದಿಡುವವರು ಉತ್ತರ ಪ್ರದೇಶದ ಗುತ್ತಿಗೆ ಶಿಕ್ಷಕರಾದ ಶಿಕ್ಷಾಮಿತ್ರರನ್ನೂ ನೋಡಬೇಕು. ಅವರನ್ನು ಸಹಾಯಕ ಶಿಕ್ಷಕರನ್ನಾಗಿ ಸೇರಿಸಿಕೊಂಡದ್ದನ್ನು 2015ರಲ್ಲಿ ಅಲಹಾಬಾದ್ ಹೈಕೋರ್ಟ್ ರದ್ದು ಮಾಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸುಮಾರು 1.37 ಲಕ್ಷ ಜನ ಪೂರ್ಣ ವೇತನದಿಂದ ತಿಂಗಳಿಗೆ 10,000 ರೂಪಾಯಿ ಗೌರವಧನಕ್ಕೆ ಇಳಿದರು. ವರ್ಷಗಟ್ಟಲೆ ಪಾಠ ಮಾಡಿದವರಿಗೆ ಆದ ಅನ್ಯಾಯವಿದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಕರ್ನಾಟಕದ ಅತಿಥಿ ಶಿಕ್ಷಕರು ಶೈಕ್ಷಣಿಕ ವರ್ಷದ ಮಟ್ಟಿಗೆ ನೇಮಕಗೊಳ್ಳುತ್ತಾರೆ. ಕಾಯಂ ಶಿಕ್ಷಕರು ಬಂದರೆ ನಡುವೆಯೇ ಜಾಗ ಬಿಡಬೇಕು. ಅವರ ಬಗ್ಗೆ ಅಧ್ಯಯನ ಕೈಗೊಳ್ಳುವವರು ಮಕ್ಕಳ ಅಂಕ ಮತ್ತು ಶಿಕ್ಷಕರ ಹಾಜರಿಯ ಜೊತೆಗೆ ಇನ್ನೆರಡನ್ನು ದಾಖಲಿಸಿಕೊಳ್ಳಬೇಕು: ಗೌರವಧನ ಯಾವ ತಿಂಗಳಲ್ಲಿ ಕೈಸೇರಿತು, ಮುಂದಿನ ಜೂನ್‌ನಲ್ಲಿ ತಾವು ಎಲ್ಲಿರುತ್ತೇವೆಂದು ಆ ಶಿಕ್ಷಕರು ಎಣಿಸಿದ್ದಾರೆ.