ಮತದಾರರಿಗೆ ಜನಪ್ರತಿನಿಧಿಯ ಪತ್ರ

ಶಾಸನಸಭೆಗೆ ಆರಿಸಿಹೋದವರು ಸಭೆಯಲ್ಲಿ ನಡೆದದ್ದು, ಬಂದ ಮಸೂದೆಗಳು, ಅವುಗಳಿಂದ ಜನರ ಹಕ್ಕುಗಳಿಗೆ ಆಗುವ ಲಾಭನಷ್ಟ, ಸರ್ಕಾರದಿಂದ ಸಿಗುವ ಸೌಲಭ್ಯ ಇವನ್ನೆಲ್ಲ ತಮ್ಮ ಕ್ಷೇತ್ರದವರಿಗೆ ಬರೆದು ತಿಳಿಸುವ ಪದ್ಧತಿ. ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ಹೊತ್ತಿಗೇ ಇದು ಕಾಣುತ್ತದೆ. ಆದರೆ ನಿಯಮ, ಹಣ, ವ್ಯಾಜ್ಯ ಎಲ್ಲವನ್ನೂ ಕಟ್ಟಿಕೊಂಡು ದೊಡ್ಡದಾಗಿ ಬೆಳೆದದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಈ ಪತ್ರ ಪ್ರತಿನಿಧಿ ಜನರಿಗೆ ಒಪ್ಪಿಸುವ ಲೆಕ್ಕವೂ ಹೌದು, ಮುಂದಿನ ಚುನಾವಣೆಯ ಪ್ರಚಾರವೂ ಹೌದು. ಲೆಕ್ಕ ಎಲ್ಲಿ ಮುಗಿಯುತ್ತದೆ, ಪ್ರಚಾರ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲು ನಡೆದ ಪ್ರಯತ್ನಗಳೇ ಇದರ ಚರಿತ್ರೆಯ ಬಹುಪಾಲು. ಅಂಚೆಯ ವೆಚ್ಚ ಯಾರ ಜೇಬಿನದು ಎಂಬ ಪ್ರಶ್ನೆ ಆ ಪ್ರತಿಯೊಂದು ಪ್ರಯತ್ನದ ಹಿಂದೆಯೂ ಇದೆ.

ಇಂಗ್ಲೆಂಡಿನ ಮೊದಲ ದೊಡ್ಡ ಉದಾಹರಣೆ ಕವಿ ಆಂಡ್ರ್ಯೂ ಮಾರ್ವೆಲ್‌ನದು. 1659ರಿಂದ 1678ರಲ್ಲಿ ತೀರಿಕೊಳ್ಳುವವರೆಗೆ ಹಲ್ ಪಟ್ಟಣದ ಪ್ರತಿನಿಧಿಯಾಗಿದ್ದ ಆತ, ಪಾರ್ಲಿಮೆಂಟ್ ಕೂತಿದ್ದಾಗಲೆಲ್ಲ ಆ ಪಟ್ಟಣದ ಪೌರಸಭೆಗೆ ಪತ್ರ ಬರೆಯುತ್ತಿದ್ದ. ಅವುಗಳಲ್ಲಿ ಮುನ್ನೂರರ ಆಸುಪಾಸು ಇಂದಿಗೂ ಉಳಿದಿವೆ. ಕವಿಯ ಪತ್ರವೆಂದು ಆಸೆಯಿಂದ ಓದಹೊರಟವರಿಗೆ ನಿರಾಸೆಯೇ: ಯಾವ ತೆರಿಗೆಯ ಮಸೂದೆ ಯಾವ ಹಂತದಲ್ಲಿದೆ, ಯಾವ ಸಮಿತಿಗೆ ಹೋಯಿತು, ಹಲ್ ಬಂದರಿನ ದೀಪಸ್ತಂಭದ ವಿಚಾರ ಏನಾಯಿತು ಎಂಬ ಒಣ ವರದಿ. ಆಗ ಸಭೆಯ ಕಲಾಪವನ್ನು ಹೊರಗೆ ಪ್ರಕಟಿಸುವುದು ಅಪರಾಧವಾಗಿತ್ತು. ಹಾಗಾಗಿ ಪತ್ರವನ್ನು ಗುಟ್ಟಾಗಿಡಿ ಎಂಬ ಕೋರಿಕೆಯೂ ಜೊತೆಗೆ ಇರುತ್ತಿತ್ತು. ಮಾರ್ವೆಲ್‌ಗೆ ಸಂಬಳ ಕೊಡುತ್ತಿದ್ದದ್ದು ಸರ್ಕಾರವಲ್ಲ, ಹಲ್ ಪಟ್ಟಣ. ದಿನಕ್ಕೆ ಆರು ಷಿಲಿಂಗ್ ಎಂಟು ಪೆನ್ಸ್. ಜೊತೆಗೆ ಆಗಾಗ ಊರಿನಿಂದ ಬಿಯರ್ ಪೀಪಾಯಿಯೂ ಬರುತ್ತಿತ್ತು. ಕೂಲಿ ಕೊಟ್ಟವರಿಗೆ ಕೆಲಸದ ಲೆಕ್ಕ ಕೊಡುವ ಈ ನೇರ ಸಂಬಂಧ ಆಮೇಲಿನ ಕಾಲದಲ್ಲಿ ಅಷ್ಟು ಸ್ವಚ್ಛವಾಗಿ ಎಲ್ಲೂ ಸಿಗುವುದಿಲ್ಲ.

ನೂರು ವರ್ಷದ ಮೇಲೆ ಎಡ್ಮಂಡ್ ಬರ್ಕ್ ಇದಕ್ಕೆ ಬೇರೆಯದೇ ರೂಪ ಕೊಟ್ಟ. ಪ್ರತಿನಿಧಿ ಮತದಾರರ ಅಪ್ಪಣೆಯಂತೆ ನಡೆಯತಕ್ಕವನಲ್ಲ, ಸ್ವಂತ ವಿವೇಕದಂತೆ ನಡೆಯಬೇಕಾದವನು ಎಂದು 1774ರಲ್ಲಿ ಬ್ರಿಸ್ಟಲ್ ಮತದಾರರ ಮುಖಕ್ಕೇ ಹೇಳಿದವನು ಅವನು. ಆದರೆ ಸ್ವಂತ ವಿವೇಕದಂತೆ ನಡೆದದ್ದಕ್ಕೆ ಕಾರಣ ಹೇಳುವ ಹೊಣೆಯನ್ನು ತಪ್ಪಿಸಿಕೊಳ್ಳಲಿಲ್ಲ. ಅಮೆರಿಕದ ಬಂಡಾಯಗಾರರ ಮಟ್ಟಿಗೆ, ಅಕ್ರಮ ಬಂಧನದಿಂದ ಕಾಯುವ ಹೇಬಿಯಸ್ ಕಾರ್ಪಸ್ ಹಕ್ಕನ್ನು ತಡೆಹಿಡಿಯುವ ಕಾಯಿದೆ ಬಂದಾಗ, 1777ರ ಏಪ್ರಿಲ್‌ನಲ್ಲಿ ಬ್ರಿಸ್ಟಲ್‌ನ ಷೆರೀಫರಿಗೆ ದೀರ್ಘ ಪತ್ರ ಬರೆದು ಅಚ್ಚುಹಾಕಿಸಿದ. ಕೆಲವರ ಹಕ್ಕನ್ನು ಮಾತ್ರ ಕಿತ್ತುಕೊಳ್ಳುವ ಕಾನೂನು ಎಲ್ಲರ ಹಕ್ಕನ್ನು ಕಿತ್ತುಕೊಳ್ಳುವುದಕ್ಕಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಉಳಿದವರು ನಮಗೇನು ಎಂದು ಸುಮ್ಮನಿರುತ್ತಾರೆ ಎಂಬುದು ಅವನ ವಾದದ ತಿರುಳು. ನಾಗರಿಕ ಹಕ್ಕಿನ ಬಗ್ಗೆ ಪ್ರತಿನಿಧಿಯೊಬ್ಬ ಕ್ಷೇತ್ರಕ್ಕೆ ಬರೆದ ಪತ್ರಗಳಲ್ಲಿ ಇದಕ್ಕೆ ಸಮನಾದದ್ದು ಕಡಿಮೆ. ಬ್ರಿಸ್ಟಲ್‌ನ ವ್ಯಾಪಾರಿಗಳು ಮಾತ್ರ ಒಲಿಯಲಿಲ್ಲ; 1780ರಲ್ಲಿ ಸೋಲು ಖಚಿತವೆಂದು ತಿಳಿದು ಬರ್ಕ್ ತಾನೇ ಕಣದಿಂದ ಹಿಂದೆ ಸರಿದ.

ಇಷ್ಟರಲ್ಲಿ ಬ್ರಿಟಿಷ್ ಸದಸ್ಯರಿಗೆ ಫ್ರಾಂಕಿಂಗ್ ಎಂಬ ಸವಲತ್ತು ಬೇರೂರಿತ್ತು. ಲಕೋಟೆಯ ಮೇಲೆ ಸದಸ್ಯನ ಸಹಿ ಇದ್ದರೆ ಅಂಚೆ ಪುಕ್ಕಟೆ. ಸಹಿ ಮಾಡಿದ ಖಾಲಿ ಲಕೋಟೆಗಳು ಗೆಳೆಯರ, ನೆಂಟರ, ವ್ಯಾಪಾರಿಗಳ ಕೈಸೇರತೊಡಗಿದವು. ವಿಳಾಸವನ್ನು ಸದಸ್ಯನೇ ಕೈಯಾರೆ ಬರೆಯಬೇಕೆಂದು 1764ರಲ್ಲಿ, ದಿನಾಂಕ ಮತ್ತು ಊರನ್ನೂ ಬರೆಯಬೇಕೆಂದು 1784ರಲ್ಲಿ ಕಾನೂನು ಬಿಗಿಯಾಯಿತು. ಕೊನೆಗೆ ರೋಲೆಂಡ್ ಹಿಲ್‌ನ ಒಂದು ಪೆನ್ನಿ ಅಂಚೆ ಬಂದ 1840ರ ಜನವರಿಯಲ್ಲಿ ಸವಲತ್ತೇ ರದ್ದಾಯಿತು.

ಅಮೆರಿಕದಲ್ಲಿ ಕಥೆ ಬೇರೆ. ಸ್ವಾತಂತ್ರ್ಯ ಘೋಷಣೆಗೂ ಮುಂಚೆ, 1775ರ ನವೆಂಬರ್‌ನಲ್ಲೇ, ಕಾಂಟಿನೆಂಟಲ್ ಕಾಂಗ್ರೆಸ್ ತನ್ನ ಸದಸ್ಯರಿಗೆ ಪುಕ್ಕಟೆ ಅಂಚೆ ಕೊಟ್ಟಿತು. 1789ರ ಮೊದಲ ಕಾಂಗ್ರೆಸ್ ಅದನ್ನು ಮುಂದುವರಿಸಿತು. ಅಧಿವೇಶನ ಮುಗಿಯುವ ಹೊತ್ತಿಗೆ ಒಂದು ಹಾಳೆಯ ಸುತ್ತೋಲೆ ಅಚ್ಚುಹಾಕಿಸಿ ಊರಿಗೆ ಕಳಿಸುವ ರೂಢಿ ದಕ್ಷಿಣದ ಮತ್ತು ಪಶ್ಚಿಮದ ರಾಜ್ಯಗಳ ಸದಸ್ಯರಲ್ಲಿ ಬೆಳೆಯಿತು. ಕೆಂಟಕಿ, ಟೆನೆಸಿಯ ಒಳನಾಡುಗಳಿಗೆ ಪತ್ರಿಕೆ ಮುಟ್ಟುತ್ತಿದ್ದದ್ದೇ ಅಪರೂಪ. ಫ್ರಾನ್ಸ್ ಜೊತೆಗಿನ ಜಗಳ, ಸರ್ಕಾರಿ ಜಮೀನಿನ ಬೆಲೆ, ಹೊಸ ಅಂಚೆ ದಾರಿ, ಹಳೆಯ ಸೈನಿಕರ ಪಿಂಚಣಿ ಎಲ್ಲವೂ ಆ ಹಾಳೆಯಲ್ಲಿ ಇರುತ್ತಿದ್ದವು. ನ್ಯೂ ಇಂಗ್ಲೆಂಡಿನ ಸದಸ್ಯರಿಗೆ ಈ ಗೀಳು ಅಷ್ಟಾಗಿ ಅಂಟಲಿಲ್ಲ. ಅವರ ಊರುಗಳಲ್ಲಿ ಪತ್ರಿಕೆಗಳಿದ್ದವು.

ಪತ್ರ ಬರೆದದ್ದಕ್ಕೇ ತೊಂದರೆಗೆ ಸಿಕ್ಕವರೂ ಇದ್ದಾರೆ. 1797ರ ಮೇ ತಿಂಗಳಲ್ಲಿ ರಿಚ್ಮಂಡ್‌ನ ಫೆಡರಲ್ ಗ್ರಾಂಡ್ ಜ್ಯೂರಿ, ವರ್ಜೀನಿಯಾದ ಸದಸ್ಯ ಸ್ಯಾಮ್ಯುಯೆಲ್ ಕ್ಯಾಬೆಲ್‌ನ ಸುತ್ತೋಲೆಗಳು ಸರ್ಕಾರದ ಮೇಲೆ ಜನರಿಗೆ ಇಲ್ಲದ ಅಸಮಾಧಾನ ಹುಟ್ಟಿಸುತ್ತಿವೆ ಎಂದು ಬಹಿರಂಗವಾಗಿ ಖಂಡಿಸಿತು. ಕ್ಯಾಬೆಲ್ ಥಾಮಸ್ ಜೆಫರ್ಸನ್‌ನ ಕ್ಷೇತ್ರದ ಪ್ರತಿನಿಧಿಯೇ. ಆಗ ಉಪಾಧ್ಯಕ್ಷನಾಗಿದ್ದ ಜೆಫರ್ಸನ್ ತನ್ನ ಹೆಸರು ಹೊರಬೀಳದಂತೆ ಒಂದು ಮನವಿ ಬರೆದುಕೊಟ್ಟ: ಪ್ರತಿನಿಧಿ ಮತ್ತು ಮತದಾರರ ನಡುವಿನ ಪತ್ರವ್ಯವಹಾರದಲ್ಲಿ ತಲೆಹಾಕಲು ನ್ಯಾಯಾಲಯಕ್ಕೆ ಏನು ಹಕ್ಕು ಎಂಬುದು ಅದರ ವಾದ. ಮರುವರ್ಷ ಬಂದ ದೇಶದ್ರೋಹ ಕಾಯಿದೆ ಇನ್ನೂ ಮುಂದೆ ಹೋಯಿತು. ವರ್ಮಾಂಟ್‌ನ ಸದಸ್ಯ ಮ್ಯಾಥ್ಯೂ ಲಯನ್ ಪತ್ರಿಕೆಗೆ ಬರೆದ ಪತ್ರದಲ್ಲಿ ಅಧ್ಯಕ್ಷ ಜಾನ್ ಆಡಮ್ಸ್‌ನ ಆಡಂಬರವನ್ನು ಟೀಕಿಸಿದ್ದಕ್ಕೆ 4 ತಿಂಗಳ ಸಜೆಯೂ 1,000 ಡಾಲರ್ ದಂಡವೂ ಆದವು. ಜೈಲಿನಲ್ಲಿದ್ದಾಗಲೇ ಮತದಾರರು ಅವನನ್ನು ಮತ್ತೆ ಆರಿಸಿ ಕಳಿಸಿದರು.

ಇಡೀ ಪರಂಪರೆಯಲ್ಲಿ ನಿಲ್ಲಬೇಕಾದ ಜಾಗ 1837. ಅದೇ ಅಧ್ಯಕ್ಷನ ಮಗ, ಸ್ವತಃ ಮಾಜಿ ಅಧ್ಯಕ್ಷ, ಜಾನ್ ಕ್ವಿನ್ಸಿ ಆಡಮ್ಸ್ ಆಗ ಮ್ಯಾಸಚೂಸೆಟ್ಸ್‌ನ 12ನೆಯ ಕ್ಷೇತ್ರದ ಸಾಮಾನ್ಯ ಸದಸ್ಯ. ಗುಲಾಮಗಿರಿಯ ವಿರುದ್ಧ ಬರುವ ಅರ್ಜಿಗಳನ್ನು ಓದದೆ, ಚರ್ಚಿಸದೆ ಬದಿಗಿಡಬೇಕೆಂದು ಸಭೆ 1836ರಲ್ಲಿ ನಿಯಮ ಮಾಡಿತ್ತು. ಅಂಚೆಯಲ್ಲೂ ಅದೇ ಹವೆ: 1835ರಲ್ಲಿ ಚಾರ್ಲ್ಸ್‌ಟನ್‌ನ ಜನ ಅಂಚೆ ಕಚೇರಿಗೆ ನುಗ್ಗಿ ಗುಲಾಮಗಿರಿ ವಿರೋಧಿ ಕಾಗದಗಳನ್ನು ಸುಟ್ಟಿದ್ದರು. 1837ರ ಫೆಬ್ರವರಿ 6ರಂದು ಆಡಮ್ಸ್ ಎದ್ದು ನಿಂತು, 22 ಮಂದಿ ಗುಲಾಮರದೆಂದು ಹೇಳಿಕೊಳ್ಳುವ ಅರ್ಜಿಯೊಂದು ನನ್ನ ಕೈಯಲ್ಲಿದೆ, ಇದು ಆ ನಿಯಮದೊಳಗೆ ಬರುತ್ತದೆಯೇ ಎಂದು ಸ್ಪೀಕರನ್ನು ಕೇಳಿದ. ಕೇಳಿದ್ದು ಅಷ್ಟೇ. ದಕ್ಷಿಣದ ಸದಸ್ಯರು ಸಿಡಿದೆದ್ದರು; ಖಂಡನೆ, ಉಚ್ಚಾಟನೆ ಎಂದು ಒಂದರ ಮೇಲೊಂದು ನಿರ್ಣಯ ತಂದರು. ಕೂಗಾಟ ತಾರಕಕ್ಕೇರಿದ ಮೇಲೆ ಆಡಮ್ಸ್ ಮೆಲ್ಲಗೆ ತಿಳಿಸಿದ: ಆ ಅರ್ಜಿ ಕೇಳಿಕೊಳ್ಳುತ್ತಿರುವುದು ಗುಲಾಮಗಿರಿಯನ್ನು ತೆಗೆಯಬೇಕೆಂದಲ್ಲ, ಉಳಿಸಬೇಕೆಂದು. ಖಂಡನಾ ನಿರ್ಣಯ ಬಿದ್ದುಹೋಯಿತು. ಆದರೆ ಗುಲಾಮರಿಗೆ ಅರ್ಜಿ ಸಲ್ಲಿಸುವ ಹಕ್ಕೇ ಇಲ್ಲ ಎಂದು ಸಭೆ 162–18 ಮತಗಳಿಂದ ಘೋಷಿಸಿತು.

ಇದನ್ನೆಲ್ಲ ಆಡಮ್ಸ್ ತನ್ನ ಕ್ಷೇತ್ರದವರಿಗೆ ಸರಣಿ ಪತ್ರಗಳಲ್ಲಿ ಬಿಡಿಸಿ ಹೇಳಿದ. ಊರಿನ ಪತ್ರಿಕೆಯಲ್ಲಿ ಬಂದ ಅವು ಅದೇ ವರ್ಷ ಬಾಸ್ಟನ್‌ನಲ್ಲಿ ಪುಸ್ತಿಕೆಯಾದವು. ಗುಲಾಮಗಿರಿಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳದ ಪ್ಲಿಮತ್ ಕಡೆಯ ರೈತನಿಗೂ ಒಂದು ಮಾತು ತಟ್ಟುವಂತೆ ಬರೆದದ್ದು ಆ ಪತ್ರಗಳ ಜಾಣತನ: ಇಂದು ತಳ್ಳಿಹಾಕಿದ್ದು ಗುಲಾಮನ ಅರ್ಜಿಯನ್ನು ಮಾತ್ರವಲ್ಲ, ನೀವು ಸಹಿ ಹಾಕಿ ಕಳಿಸಿದ ಅರ್ಜಿಯನ್ನೂ. ಆ ಬಾಯಿಮುಚ್ಚಿಸುವ ನಿಯಮ 1844ರ ಡಿಸೆಂಬರ್‌ನಲ್ಲಿ ರದ್ದಾದಾಗಲೂ ಆಡಮ್ಸ್ ಸಭೆಯಲ್ಲೇ ಇದ್ದ.

ಅಂತರ್ಯುದ್ಧದ ನಂತರ ಪುಕ್ಕಟೆ ಅಂಚೆಯ ದುರುಪಯೋಗ ಸಹಿಸಲಾರದಷ್ಟಾಯಿತು. ಪೋಸ್ಟ್‌ಮಾಸ್ಟರ್ ಜನರಲ್ ಜಾನ್ ಕ್ರೆಸ್ವೆಲ್ ಪಟ್ಟುಹಿಡಿದದ್ದರಿಂದ 1873ರ ಜುಲೈನಿಂದ ಸವಲತ್ತು ನಿಂತಿತು. ನಿಂತದ್ದು ಹೆಚ್ಚು ದಿನವಲ್ಲ. ಎರಡೇ ವರ್ಷದಲ್ಲಿ ಸರ್ಕಾರಿ ದಾಖಲೆಗಳಿಗೆ, 1890ರ ದಶಕದಲ್ಲಿ ಸದಸ್ಯರ ಪತ್ರಗಳಿಗೆ ಅದು ಹಿಂದಿರುಗಿತು. ಈ ನಡುವೆ ಪತ್ರದ ಜೊತೆ ಬೇರೊಂದು ಸಾಮಗ್ರಿಯೂ ಹೋಗತೊಡಗಿತ್ತು: ತರಕಾರಿ ಬೀಜ. ಪೇಟೆಂಟ್ ಕಚೇರಿ 1839ರಲ್ಲಿ ಹೊಸ ತಳಿಗಳ ಪ್ರಯೋಗಕ್ಕೆಂದು ಶುರುಮಾಡಿದ ಹಂಚಿಕೆ, ಕೊನೆಕೊನೆಗೆ ಸದಸ್ಯರ ಹೆಸರಿನಲ್ಲಿ ವರ್ಷಕ್ಕೆ ಕೋಟಿಗಟ್ಟಲೆ ಪೊಟ್ಟಣಗಳ ವಿತರಣೆಯಾಯಿತು. ಟರ್ನಿಪ್, ಮೂಲಂಗಿ, ಸೊಪ್ಪು. ಯಾವ ಅಂಗಡಿಯಲ್ಲೂ ಸಿಗುವಂಥವೇ. ಬೀಜದ ವ್ಯಾಪಾರಿಗಳ ಗೋಳನ್ನೂ ಕೃಷಿ ಇಲಾಖೆಯ ಆಕ್ಷೇಪವನ್ನೂ ಮೀರಿ ಇದು 1923ರವರೆಗೆ ನಡೆಯಿತು. ಮಕ್ಕಳ ಇಲಾಖೆ 1914ರಲ್ಲಿ ತಂದ ಶಿಶುಪಾಲನೆಯ ಕೈಪಿಡಿ ಮಾತ್ರ ನಿಜಕ್ಕೂ ಉಪಕಾರದ್ದು. ಕ್ಷೇತ್ರದಲ್ಲಿ ಹೆರಿಗೆಯಾದ ಮನೆಗಳಿಗೆ ಅದನ್ನು ಕಳಿಸಿಕೊಡುವುದನ್ನು ಸದಸ್ಯರು ದಶಕಗಳ ಕಾಲ ಬಿಡಲಿಲ್ಲ.

ಸವಲತ್ತು ಎಷ್ಟು ಕೆಳಗಿಳಿಯಬಹುದು ಎಂಬುದು 1940ರ ಸುಮಾರಿಗೆ ಗೊತ್ತಾಯಿತು. ಜರ್ಮನಿಯಿಂದ ಹಣ ಪಡೆಯುತ್ತಿದ್ದ ಜಾರ್ಜ್ ಸಿಲ್ವೆಸ್ಟರ್ ವೀರೆಕ್ ಎಂಬಾತ, ನ್ಯೂಯಾರ್ಕಿನ ಸದಸ್ಯ ಹ್ಯಾಮಿಲ್ಟನ್ ಫಿಷ್‌ನ ಕಚೇರಿಯ ಗುಮಾಸ್ತನ ಮೂಲಕ ಯುದ್ಧವಿರೋಧಿ ಭಾಷಣಗಳನ್ನು ಕಾಂಗ್ರೆಸ್ಸಿನ ಪುಕ್ಕಟೆ ಲಕೋಟೆಗಳಲ್ಲಿ ದೇಶವಿಡೀ ಹಂಚಿಸಿದ. ಗುಮಾಸ್ತ ಸುಳ್ಳುಸಾಕ್ಷಿಯ ಆರೋಪದ ಮೇಲೆ ಜೈಲಿಗೆ ಹೋದ.

ಆಮೇಲಿನ ದಶಕಗಳಲ್ಲಿ ಪತ್ರ ಸುದ್ದಿಹಾಳೆಯಾಯಿತು. ಅರಿಜೋನಾದ ಮಾರಿಸ್ ಯೂಡಾಲ್ 1961ರಿಂದ ಮೂರು ದಶಕ ಕಳಿಸಿದ ವರದಿಗಳು ಒಂದೊಂದೇ ವಿಷಯವನ್ನು ಹಿಡಿದು ಪಾಠದಂತೆ ವಿವರಿಸಿ ಹೆಸರುವಾಸಿಯಾದವು. ಎಲ್ಲರೂ ಯೂಡಾಲ್ ಆಗಲಿಲ್ಲ. ಸಾಮಾನ್ಯ ಸುದ್ದಿಹಾಳೆ ನಾಲ್ಕು ಪುಟದ್ದು: ಮೇಲೆ ಸದಸ್ಯರ ನಗುಮುಖ, ಕೆಳಗೆ ಹಿರಿಯರೊಂದಿಗೆ ಕೈಕುಲುಕುವ ಚಿತ್ರ, ಒಳಪುಟದಲ್ಲಿ ಮಸೂದೆಗಳ ಸಾರ, ಕೊನೆಗೆ ಸೋಷಿಯಲ್ ಸೆಕ್ಯುರಿಟಿ, ಮಾಜಿ ಸೈನಿಕರ ಭತ್ಯೆ, ಪಾಸ್‌ಪೋರ್ಟ್ ಇವುಗಳಿಗೆ ಯಾರನ್ನು ಕಾಣಬೇಕೆಂಬ ವಿಳಾಸ. ಮತದಾರರು ಕತ್ತರಿಸಿ ಇಟ್ಟುಕೊಳ್ಳುವಂಥದ್ದು ಆ ಕೊನೆಯ ಪುಟವೊಂದೇ.

1973ರಲ್ಲಿ ಕಾಂಗ್ರೆಸ್ ಕೊನೆಗೂ ಈ ಪುಕ್ಕಟೆ ಅಂಚೆಗೆ ವಿವರವಾದ ಕಾಯಿದೆ ಮಾಡಿ, ದೂರು ವಿಚಾರಿಸಲು ಸದಸ್ಯರದೇ ಆಯೋಗವನ್ನು ನೇಮಿಸಿತು. ಅದೇ ವರ್ಷ ಕಾಮನ್ ಕಾಸ್ ಎಂಬ ಸಂಘಟನೆ ಈ ಸವಲತ್ತು ಎದುರಾಳಿಗಳಿಗೆ ಅನ್ಯಾಯವೆಂದು ದಾವೆ ಹೂಡಿತು; ವ್ಯಾಜ್ಯ ಹತ್ತು ವರ್ಷ ಎಳೆದು 1983ರಲ್ಲಿ ಸೋತಿತು. ಸೋತರೂ ಅದರ ಬಿಸಿಯಿಂದ ನಿಯಮಗಳು ಬಿಗಿಯಾದವು. ಒಂದೇ ಬಗೆಯ 500ಕ್ಕೂ ಮೀರಿದ ಪ್ರತಿಗಳನ್ನು ಚುನಾವಣೆಗೆ ಮುಂಚಿನ ನಿಗದಿತ ದಿನಗಳಲ್ಲಿ ಕಳಿಸುವಂತಿಲ್ಲ. ಹಬ್ಬದ ಶುಭಾಶಯ ಪತ್ರಕ್ಕೆ ಪುಕ್ಕಟೆ ಅಂಚೆಯಿಲ್ಲ. ಸದಸ್ಯರ ಹೆಸರು, ‘ನಾನು’, ‘ನನ್ನ’ ಎಲ್ಲ ಸೇರಿ ಪುಟಕ್ಕೆ ಸರಾಸರಿ ಎಂಟು ಸಲ ಮೀರಬಾರದೆಂದಾಯಿತು. ಕಚೇರಿಯ ಸಿಬ್ಬಂದಿ ಕರಡಿನಲ್ಲಿ ‘ನಾನು’ಗಳನ್ನು ಎಣಿಸುತ್ತ ಕೂರುವ ಪರಿಸ್ಥಿತಿ ಹೀಗೆ ಬಂತು. ಖರ್ಚು ಮಾತ್ರ ಏರುತ್ತಲೇ ಹೋಗಿ 1988ರಲ್ಲಿ 11 ಕೋಟಿ ಡಾಲರ್ ದಾಟಿತು. ಒಬ್ಬೊಬ್ಬ ಸದಸ್ಯರ ಅಂಚೆ ಖರ್ಚಿಗೆ ಮಿತಿ ಹಾಕಿ, ಲೆಕ್ಕವನ್ನು ಬಹಿರಂಗಪಡಿಸಬೇಕೆಂದು 1990ರಲ್ಲಿ ಆದ ಮೇಲೆಯೇ ಅದು ಇಳಿದದ್ದು. ಹಿಂದಿನ ಎಲ್ಲ ಉಪದೇಶಗಳಿಗಿಂತ ಈ ಬಹಿರಂಗ ಲೆಕ್ಕ ಹೆಚ್ಚು ಕೆಲಸ ಮಾಡಿತು.

ಕೆನಡಾದಲ್ಲಿ ಸಂಸದರು ವರ್ಷಕ್ಕೆ ನಾಲ್ಕು ಸಲ ಕ್ಷೇತ್ರದ ಎಲ್ಲ ಮನೆಗಳಿಗೂ ಸುದ್ದಿಹಾಳೆ ಕಳಿಸಬಹುದು. ಜನರು ಸಂಸದರಿಗೆ ಬರೆಯುವ ಪತ್ರಕ್ಕೂ ಸ್ಟಾಂಪು ಬೇಕಿಲ್ಲ. ಬೇರೆಯವರ ಕ್ಷೇತ್ರಗಳಿಗೆ ಟೀಕೆಯ ಹಾಳೆ ಕಳಿಸುವ ಚಾಳಿಗೆ ಅಲ್ಲಿ 2010ರಲ್ಲಿ ತಡೆ ಬಿತ್ತು. 2022ರ ಮೇ ತಿಂಗಳಲ್ಲಿ ಕೆನಡಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದ ಸಿರಾ ತಾಲ್ಲೂಕಿನ ಚಂದ್ರ ಆರ್ಯ, 2015ರಿಂದ 2025ರವರೆಗೆ ಒಟ್ಟಾವದ ನೆಪಿಯನ್ ಕ್ಷೇತ್ರವನ್ನು ಪ್ರತಿನಿಧಿಸಿದ್ದು ಈ ವ್ಯವಸ್ಥೆಯೊಳಗೇ. ಬ್ರಿಟನ್ 2007ರಲ್ಲಿ ಸಂಸದರಿಗೆ ವರ್ಷಕ್ಕೆ 10,000 ಪೌಂಡ್‌ಗಳ ಸಂಪರ್ಕ ಭತ್ಯೆ ಕೊಟ್ಟು, ಅದು ಸರ್ಕಾರಿ ಖರ್ಚಿನ ಪ್ರಚಾರವೆಂಬ ದೂರು ಬಂದು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಈ ಕೆಲಸ ಬಹುಮಟ್ಟಿಗೆ ನಡೆಯುವುದು ಜನಸಂಪರ್ಕ ಸಭೆಯಲ್ಲಿ, ಎದುರುಬದುರು. ಅಚ್ಚಾಗುವ ಸಾಧನಾ ಪುಸ್ತಿಕೆ ಸಾಮಾನ್ಯವಾಗಿ ಚುನಾವಣೆ ಹತ್ತಿರ ಬಂದಾಗಿನದು.

ಈಗ ಪತ್ರದ ಬಹುಪಾಲು ಇಮೇಲ್ ಆಗಿದೆ. ಅಮೆರಿಕದ ಪ್ರತಿನಿಧಿ ಸಭೆ 2020ರಲ್ಲಿ ತನ್ನ ಅಂಚೆ ಆಯೋಗದ ಹೆಸರಿನಿಂದ ಅಂಚೆಯನ್ನು ತೆಗೆದು ‘ಸಂವಹನ’ ಎಂದು ಸೇರಿಸಿ, ಚುನಾವಣಾಪೂರ್ವ ನಿರ್ಬಂಧವನ್ನು 90 ದಿನಗಳಿಂದ 60ಕ್ಕೆ ಇಳಿಸಿತು. ಮತದಾರರು ತಾವಾಗಿ ಹೆಸರು ಕೊಟ್ಟು ತರಿಸಿಕೊಳ್ಳುವ ಇಮೇಲ್‌ಗೆ ಆ ನಿರ್ಬಂಧವೂ ಇಲ್ಲ. ಹೀಗಾಗಿ ಕ್ಷೇತ್ರದ ಜನರ ಇಮೇಲ್ ವಿಳಾಸ ಸಂಗ್ರಹಿಸುವುದೇ ಇಂದು ಅನೇಕ ಸದಸ್ಯರ ಕಚೇರಿಗಳ ಮುಖ್ಯ ಕೆಲಸಗಳಲ್ಲಿ ಒಂದಾಗಿದೆ.