ಲೆಕ್ಕವನ್ನು ಗಟ್ಟಿಯಾಗಿ ಓದಿದ ದಿನ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಈ ಪ್ರಶ್ನೆಗೆ ಉತ್ತರ ಹುಡುಕಿದವರು ರಾಜಸ್ಥಾನದ ಕೂಲಿಕಾರರು. ಮಾಹಿತಿ ಹಕ್ಕು ದಿಲ್ಲಿಯವರು ಕೊಟ್ಟ ವರವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ಅದರ ಬೇರು ಇರುವುದು ಹಳ್ಳಿಯ ಬಯಲಿನಲ್ಲಿ.

1990ರ ಮೇ 1ರಂದು ಅಲ್ಲಿನ ಭೀಮ್ ಎಂಬಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಹುಟ್ಟಿತು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅವರೊಡನೆ ಹಳ್ಳಿಯ ರೈತರು, ಕೂಲಿಕಾರರು ಸೇರಿದರು. ಸರ್ಕಾರಿ ಕಾಮಗಾರಿಯಲ್ಲಿ ದುಡಿದವರಿಗೆ ಕನಿಷ್ಠ ಕೂಲಿಯೂ ಸಿಗುತ್ತಿರಲಿಲ್ಲ. ಕೇಳಿದರೆ, ದಾಖಲೆಯಲ್ಲಿ ನಿಮ್ಮ ಕೆಲಸ ಕಡಿಮೆಯಿದೆ ಎನ್ನುತ್ತಿದ್ದರು. ದಾಖಲೆ ತೋರಿಸಿ ಎಂದರೆ ಅದು ಗುಟ್ಟು!

1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮೊದಲ ಜನಸುನವಾಯಿ, ಅಂದರೆ ಜನರೇ ನಡೆಸಿದ ವಿಚಾರಣೆ, ನಡೆಯಿತು. ಹಾಜರಿ ಪಟ್ಟಿ, ಬಿಲ್ಲುಗಳನ್ನು ಊರ ಮುಂದೆ ಗಟ್ಟಿಯಾಗಿ ಓದಿದರು. ಅಕ್ಷರ ಬಾರದವರಿಗೂ ಸುಳ್ಳು ತಕ್ಷಣ ತಿಳಿಯಿತು. ಕೆಲಸಕ್ಕೆ ಬಾರದವರ ಹೆಸರಿನಲ್ಲಿ ಕೂಲಿ ಬಿದ್ದಿತ್ತು. ಮುಗಿದಿದೆ ಎಂದು ಬರೆದಿದ್ದ ಕಟ್ಟಡ ಅರ್ಧಕ್ಕೇ ನಿಂತಿತ್ತು.

1996ರ ಏಪ್ರಿಲ್ 6ರಂದು ಬ್ಯಾವರ್ ಪಟ್ಟಣದಲ್ಲಿ ಧರಣಿ ಆರಂಭವಾಗಿ 40 ದಿನ ನಡೆಯಿತು. ‘ನಮ್ಮ ಹಣ, ನಮ್ಮ ಲೆಕ್ಕ’ ಎಂಬುದು ಅವರ ಘೋಷಣೆ. ಮುಂದೆ ದೇಶದ ಮಾಹಿತಿ ಹಕ್ಕು ಕಾಯಿದೆ 2005ರ ಅಕ್ಟೋಬರ್ 12ರಂದು ಜಾರಿಗೆ ಬಂತು.

ಇನ್ನು ನಮ್ಮ ಗಡಿಯ ಮಾತು. ತಮಿಳುನಾಡು 1997ರಲ್ಲೇ ಮಾಹಿತಿ ಹಕ್ಕಿನ ಕಾಯಿದೆ ಮಾಡಿತ್ತು. ಸರ್ಕಾರ ಕೊಳ್ಳುವ ವಸ್ತು, ಮಾಡಿಸುವ ಕಾಮಗಾರಿಗಳ ಟೆಂಡರ್ ಬಹಿರಂಗವಾಗಿ ನಡೆಯಬೇಕೆಂದು 1998ರಲ್ಲಿ ಟೆಂಡರ್ ಪಾರದರ್ಶಕತೆ ಕಾಯಿದೆಯನ್ನೂ ತಂದಿತು. ಕರ್ನಾಟಕದಲ್ಲಿ ಇಂಥದೇ ಕಾಯಿದೆ 1999ರದು. ಗಡಿಯ ಎರಡೂ ಕಡೆ ಕಾನೂನಿದೆ.

ಆದರೆ ತಾಳವಾಡಿ, ಹೊಸೂರು ಕಡೆಯ ನಮ್ಮ ಪೋಷಕರಿಗೆ ಒಂದು ತೊಡಕಿದೆ. ಬಿಲ್ಲು, ಟೆಂಡರ್ ಪತ್ರಗಳು ತಮಿಳು ಅಥವಾ ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಮಾತ್ರ ಬಲ್ಲವರಿಗೆ ತೆರೆದಿಟ್ಟ ಕಾಗದವೂ ಮುಚ್ಚಿಟ್ಟಂತೆಯೇ. ಮಾಹಿತಿ ಕೋರುವ ಅರ್ಜಿಯೂ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿರಬೇಕು. ಬರೆಯಲು ಆಗದವರು ಬಾಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು ಎಂದು ಕಾಯಿದೆ ಹೇಳುತ್ತದೆ. ಇದು ಬಹಳ ಮಂದಿಗೆ ಗೊತ್ತಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲೆಗೆ ಬಂದ ಅನುದಾನದ ಬಳಕೆಯನ್ನು ನೋಡಿಕೊಳ್ಳುವುದು ಶಾಲಾ ನಿರ್ವಹಣಾ ಸಮಿತಿಯ ಕೆಲಸ. ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ: ಮುಂದಿನ ಸಭೆಯಲ್ಲಿ ಸಹಿ ಹಾಕಿಸುವ ಮೊದಲು ಸುಣ್ಣಬಣ್ಣ, ಸೀಮೆಸುಣ್ಣ, ಬೆಂಚುಗಳ ಬಿಲ್ಲನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳೋಣ. ಪೋಷಕರೂ ಸಂಕೋಚ ಬಿಟ್ಟು ಕೇಳಲಿ. ಲೆಕ್ಕ ಕೇಳುವುದು ಜಗಳವಲ್ಲ, ಅದು ನಮ್ಮ ಹಕ್ಕು. ಲೆಕ್ಕ ಒಪ್ಪಿಸಿದರೆ ಮೇಷ್ಟ್ರ ಗೌರವವೂ ಹೆಚ್ಚುತ್ತದೆ.