ಕಾಲಾ ಅಜಾರ್: ಔಷಧವಾಹಕ ಕಣಗಳ ಮೂಲಕ ಚಿಕಿತ್ಸೆ

ಕಾಲಾ ಅಜಾರ್ ರೋಗವು ಲೀಶ್ಮೇನಿಯಾ ಎಂಬ ಏಕಕೋಶ ಪರಾವಲಂಬಿ ಜೀವಿಯಿಂದ ಉಂಟಾಗುತ್ತದೆ. ಇದು ಮರಳುನೊಣದ ಕಡಿತದಿಂದ ಹರಡುತ್ತದೆ. ಭಾರತದಲ್ಲಿ ಈ ರೋಗವು ಮುಖ್ಯವಾಗಿ ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ ಹಾಗೂ ಪೂರ್ವ ಉತ್ತರ ಪ್ರದೇಶದಲ್ಲಿ ಕಂಡುಬಂದಿರುತ್ತದೆ. ಬಹುದಿನಗಳ ಜ್ವರ, ಗುಲ್ಮದ ಊತ, ರಕ್ತಹೀನತೆ ಹಾಗೂ ತೂಕ ಇಳಿಯುವಿಕೆ ಇದರ ಲಕ್ಷಣಗಳಾಗಿರುತ್ತವೆ. ಚಿಕಿತ್ಸೆ ದೊರೆಯದಿದ್ದಲ್ಲಿ ಬಹುತೇಕ ರೋಗಿಗಳು ಮರಣ ಹೊಂದುತ್ತಾರೆ.

ಚಿಕಿತ್ಸೆಯಲ್ಲಿನ ತೊಡಕು

ರೋಗಾಣುಗಳು ಗುಲ್ಮ, ಯಕೃತ್ತು ಹಾಗೂ ಅಸ್ಥಿಮಜ್ಜೆಯಲ್ಲಿರುವ ಭಕ್ಷಕ ಕೋಶಗಳ ಒಳಗೆ ನೆಲೆಸುತ್ತವೆ. ಆಂಫೊಟೆರಿಸಿನ್ ಬಿ ಔಷಧವು ಇವುಗಳನ್ನು ನಾಶಪಡಿಸುತ್ತದೆಯಾದರೂ ಮೂತ್ರಪಿಂಡಗಳಿಗೆ ಹಾನಿಕರವಾಗಿರುತ್ತದೆ. ಹಳೆಯ ವಿಧಾನದಲ್ಲಿ ದಿನ ಬಿಟ್ಟು ದಿನದಂತೆ 15 ಬಾರಿ ರಕ್ತನಾಳದ ಮೂಲಕ ಔಷಧ ನೀಡಬೇಕಾಗಿದ್ದು, ರೋಗಿಯು ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿರಬೇಕಾಗಿತ್ತು. ಕೂಲಿಯನ್ನೇ ಅವಲಂಬಿಸಿದ ಕುಟುಂಬಗಳಿಗೆ ಇದು ಭರಿಸಲಾಗದ ಹೊರೆಯಾಗಿತ್ತು.

ವಾಹಕ ಕಣಗಳ ಕಾರ್ಯವಿಧಾನ

ರಕ್ತದಲ್ಲಿನ ಅನ್ಯ ಕಣಗಳನ್ನು ನುಂಗುವುದು ಭಕ್ಷಕ ಕೋಶಗಳ ಸಹಜ ಗುಣ. ಔಷಧವನ್ನು ಅತಿಸೂಕ್ಷ್ಮ ಕಣಗಳಲ್ಲಿ ಅಡಗಿಸಿ ನೀಡಿದಾಗ, ಇದೇ ಗುಣದಿಂದಾಗಿ ಔಷಧವು ರೋಗಾಣುವಿನ ಅಡಗುತಾಣವನ್ನು ತಲುಪುತ್ತದೆ. ಮೂತ್ರಪಿಂಡಗಳಿಗೆ ಆಗುವ ಹಾನಿಯೂ ಕಡಿಮೆಯಾಗುತ್ತದೆ.

ಕೊಬ್ಬಿನ ಪೊರೆಯ ಕಣಗಳು (ಲೈಪೊಸೋಮ್)

ಬಿಹಾರದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹತೂಕದ ಪ್ರತಿ ಕಿಲೋಗ್ರಾಂಗೆ 10 ಮಿಲಿಗ್ರಾಂನಂತೆ ಒಂದೇ ಬಾರಿ ನೀಡಿದ ಲೈಪೊಸೋಮ್ ಔಷಧದಿಂದ ಶೇ. 95ಕ್ಕೂ ಹೆಚ್ಚು ರೋಗಿಗಳು ಗುಣಮುಖರಾದರು. 2014ರಲ್ಲಿ ಭಾರತದ ರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಈ ವಿಧಾನವನ್ನು ಅಳವಡಿಸಲಾಯಿತು. ಆದರೆ ಈ ಔಷಧವು ದುಬಾರಿಯಾಗಿದ್ದು, 25 ಡಿಗ್ರಿ ಸೆಲ್ಸಿಯಸ್ ಮೀರದ ಉಷ್ಣತೆಯಲ್ಲಿ ದಾಸ್ತಾನು ಮಾಡುವುದು ಅವಶ್ಯಕ. ಬೇಸಿಗೆಯಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇದು ಸುಲಭಸಾಧ್ಯವಲ್ಲ.

ಪಾಲಿಮರ್ ಕಣಗಳು

ಈ ಕಾರಣದಿಂದ ಪಾಲಿಮರ್ ಕಣಗಳ ಬಗ್ಗೆಯೂ ಸಂಶೋಧನೆ ನಡೆದಿರುತ್ತದೆ. ಲ್ಯಾಕ್ಟಿಕ್ ಹಾಗೂ ಗ್ಲೈಕಾಲಿಕ್ ಆಮ್ಲಗಳಿಂದ ತಯಾರಾಗುವ ಪಿಎಲ್‌ಜಿಎ ಇವುಗಳಲ್ಲಿ ಪ್ರಮುಖವಾದುದು. ಶರೀರದಲ್ಲಿ ತಾನಾಗಿ ಕರಗುವ ಶಸ್ತ್ರಚಿಕಿತ್ಸಾ ಹೊಲಿಗೆ ದಾರಗಳಲ್ಲಿ ಈ ವಸ್ತುವು ಈಗಾಗಲೇ ಬಳಕೆಯಲ್ಲಿದೆ. ಕಣವು ನಿಧಾನವಾಗಿ ಕರಗುವುದರಿಂದ ಔಷಧವು ಹಂತಹಂತವಾಗಿ ಬಿಡುಗಡೆಯಾಗುತ್ತದೆ. ಇಂತಹ ಕಣಗಳಲ್ಲಿ ಅಡಗಿಸಿದ ಆಂಫೊಟೆರಿಸಿನ್ ಔಷಧವನ್ನು ಪ್ರಯೋಗಾಲಯದಲ್ಲಿ ಹಾಗೂ ಪ್ರಾಣಿಗಳಲ್ಲಿ ಪರೀಕ್ಷಿಸಲಾಗಿದೆ. ಆದರೆ ಕಾಲಾ ಅಜಾರ್ ರೋಗಿಗಳ ವಾಡಿಕೆಯ ಚಿಕಿತ್ಸೆಯಲ್ಲಿ ಇದು ಇನ್ನೂ ಸೇರ್ಪಡೆಯಾಗಿರುವುದಿಲ್ಲ.

ಸಾರ್ವಜನಿಕರ ಗಮನಕ್ಕೆ

ರೋಗಪೀಡಿತ ಪ್ರದೇಶದಲ್ಲಿ ವಾಸಿಸುವವರು ಅಥವಾ ಅಲ್ಲಿಂದ ಬಂದವರು, ಎರಡು ವಾರ ಮೀರಿದ ಜ್ವರವಿದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸತಕ್ಕದ್ದು. ತಾವು ವಾಸವಿದ್ದ ಊರಿನ ವಿವರವನ್ನು ವೈದ್ಯರಿಗೆ ತಪ್ಪದೇ ತಿಳಿಸಬೇಕು. ಗುಣಮುಖರಾದ ನಂತರವೂ ಚರ್ಮದ ಮೇಲೆ ಮಚ್ಚೆ ಅಥವಾ ಗಂಟುಗಳು ಕಾಣಿಸಿಕೊಂಡಲ್ಲಿ ಪುನಃ ತಪಾಸಣೆಗೆ ಒಳಗಾಗುವುದು ಅವಶ್ಯಕ. ಅಂತಹ ವ್ಯಕ್ತಿಗಳಿಂದಲೂ ಮರಳುನೊಣದ ಮೂಲಕ ರೋಗವು ಇತರರಿಗೆ ಹರಡುವ ಸಾಧ್ಯತೆ ಇರುತ್ತದೆ.